ಜಕಾರ್ತಾದಲ್ಲಿ ಆಡದಿದ್ದ ನಮ್ಮ ತಾತ

ನಾನು ಚಿಕ್ಕವನಿದ್ದಾಗ, ಮೂರನೇ ಕ್ಲಾಸಿನಲ್ಲಿ, ಒಂದು ಸುಳ್ಳು ಹೇಳಿ ಹನ್ನೆರಡು ದಿನ ನೆಟ್ಟಗೆ ಅನ್ನ ತಿನ್ನಲಿಲ್ಲ. ಆ ಸುಳ್ಳು ಬಾಯಿಂದ ಹೊರಬರಲು ಒಂದು ಉಸಿರು ಸಾಕಾಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೇ ಅಷ್ಟು ದಿನ ಬೇಕಾಯಿತು. ಆ ಹನ್ನೆರಡನೆಯ ದಿನ ನಡೆದದ್ದನ್ನು ನಿಮಗೆ ಹೇಳುತ್ತೇನೆ ಮಕ್ಕಳೇ.

ನಾವು ಆಗ ಜಪಾನಿನ ಕಾಶಿವಾ ಎಂಬ ಊರಿನಲ್ಲಿದ್ದೆವು. ಎರಡು ಸಾವಿರದ ಇಸವಿ ಬಂದೊಡನೆ ಕಂಪ್ಯೂಟರುಗಳು ತಾರೀಖು ತಪ್ಪಿ ಕೆಟ್ಟು ನಿಲ್ಲುತ್ತವೆ ಎಂದು ಜಗತ್ತೆಲ್ಲ ಹೆದರಿದ್ದ ಕಾಲ ಅದು. ಅದನ್ನು ಸರಿಮಾಡಲೆಂದೇ ಕಂಪನಿಯವರು ಅಪ್ಪನನ್ನು ಬೆಂಗಳೂರಿನಿಂದ ಕಳಿಸಿದ್ದರು. ಹೊಸ ವರ್ಷ ಬಂತು, ಏನೂ ಕೆಡಲಿಲ್ಲ, ಆದರೆ ಅಪ್ಪನ ಕೆಲಸ ಮಾತ್ರ ಮುಗಿಯಲಿಲ್ಲ. ಬೆಳಿಗ್ಗೆ ಕಿಕ್ಕಿರಿದ ರೈಲಿನಲ್ಲಿ ರಾಜಧಾನಿಯ ಮಿನಾಟೋ ಭಾಗದ ಆಫೀಸಿಗೆ ಹೋದರೆ ನಾನು ಮಲಗುವ ಹೊತ್ತಿಗೂ ಬರುತ್ತಿರಲಿಲ್ಲ. ಮೂರನೇ ಮಹಡಿಯ ಚಿಕ್ಕ ಮನೆಯಲ್ಲಿ ಅಮ್ಮ, ಏಳನೇ ಕ್ಲಾಸಿನ ಅಕ್ಕ ಮತ್ತು ನಾನು. ಜಪಾನಿ ಭಾಷೆ ಅಕ್ಕನಿಗೆ ನೀರು ಕುಡಿದಷ್ಟು ಸಲೀಸು. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಎಲ್ಲಿ ಹೋದರೂ ಅಮ್ಮನಿಗೆ ಅವಳೇ ಬಾಯಿ.

ಆ ವರ್ಷ ಅಕ್ಟೋಬರಿನಲ್ಲಿ ಮೈಸೂರಿನಿಂದ ತಾತ ಬಂದರು. ಲೆಕ್ಕದ ಮೇಷ್ಟ್ರಾಗಿ ನಿವೃತ್ತರಾದವರು. ಪಂಚೆ, ಅದರ ಮೇಲೆ ಕಂದು ಸ್ವೆಟರು, ಕಿವಿ ಮುಚ್ಚುವ ಮಂಕಿ ಟೋಪಿ. ಅವರು ಬೀದಿಗಿಳಿದರೆ ಸೈಕಲ್ಲಿನಲ್ಲಿ ಹೋಗುವವರೂ ಒಂದು ಕಾಲು ನೆಲಕ್ಕೂರಿ ನೋಡುತ್ತಿದ್ದರು. ಅದೇ ತಿಂಗಳು ದೂರದ ಲೆಬನಾನಿನಲ್ಲಿ ಏಷ್ಯಾದ ದೇಶಗಳ ಫುಟ್‌ಬಾಲ್ ಪಂದ್ಯಾವಳಿ ಶುರುವಾಯಿತು. ಜಪಾನ್ ತಂಡ ಗೋಲಿನ ಮೇಲೆ ಗೋಲು ಹೊಡೆಯುತ್ತಿತ್ತು. ಶಾಲೆಯ ತುಂಬ ನೀಲಿ ಅಂಗಿ, ಬಾಯಿ ತೆಗೆದರೆ ಅದೇ ಮಾತು.

ನಾನೂ ಆಡುತ್ತಿದ್ದೆ. ತೆಗಾನುಮಾ ಎಂಬ ಕೆರೆಯ ಪಕ್ಕದಲ್ಲಿ, ಬಿಳಿ ತೆನೆ ತೂಗುವ ಜೊಂಡಿನ ಆಚೆ, ನಮ್ಮ ಬಡಾವಣೆಯ ಮಕ್ಕಳ ಮಣ್ಣಿನ ಮೈದಾನವಿತ್ತು. ನಮಗೆ ಕಲಿಸುತ್ತಿದ್ದವರು ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ತೋಫು ಅಂಗಡಿ ಇಟ್ಟಿದ್ದ ಅರವತ್ತರ ಹತ್ತಿರದ ಒಬ್ಬರು. ಅವರನ್ನು ನಾವು ‘ಕಾಂತೊಕು’ ಎನ್ನುತ್ತಿದ್ದೆವು, ಅಂದರೆ ತಂಡದ ಯಜಮಾನರು. ನಸುಕಿನಲ್ಲೆದ್ದು ಸೋಯಾ ಕಾಳು ಅರೆದು ಪನೀರಿನಂಥ ತೋಫು ಮಾಡಿ, ಸಂಜೆ ನಮ್ಮ ಜೊತೆ ಎಡಗಾಲು ಎಳೆಯುತ್ತ ಓಡುತ್ತಿದ್ದರು. ಮಾತು ಬಹಳ ಕಡಿಮೆ. ಹತ್ತಿರ ಬಂದರೆ ಬೆಂದ ಕಾಳಿನ ಬೆಚ್ಚನೆಯ ವಾಸನೆ ಬರುತ್ತಿತ್ತು. ಕೈ ದೊಡ್ಡದಿದೆ ಎಂದು ನನ್ನನ್ನು ಗೋಲ್‌ಕೀಪರ್ ಮಾಡಿದ್ದವರು ಅವರೇ.

ಒಂದು ಸಂಜೆ ಮಕ್ಕಳೆಲ್ಲ ಒಂದೊಂದು ದೇಶ ಹಂಚಿಕೊಂಡು ಆಡುತ್ತಿದ್ದರು. ಒಬ್ಬ ಚೀನಾ, ಒಬ್ಬ ಕೊರಿಯಾ, ಇನ್ನೊಬ್ಬ ಸೌದಿ. ನಾನು ಇಂಡಿಯಾ ಎಂದೆ. ನನ್ನ ಗೆಳೆಯ ಕೆಂತಾ ನಕ್ಕುಬಿಟ್ಟ. “ಇಂಡಿಯಾ ಪಂದ್ಯಾವಳಿಯಲ್ಲೇ ಇಲ್ಲವಲ್ಲ! ಅಲ್ಲಿ ಫುಟ್‌ಬಾಲ್ ಆಡುತ್ತಾರಾ?”

ಅವನಿಗೆ ಕೆಟ್ಟ ಮನಸ್ಸಿರಲಿಲ್ಲ. ಆದರೆ ಎಲ್ಲರೂ ನಕ್ಕರು, ನನ್ನ ಕಿವಿ ಬಿಸಿಯಾಯಿತು. “ನಮ್ಮ ತಾತನೇ ಆಡಿದ್ದಾರೆ. ಇಂಡಿಯಾ ತಂಡದಲ್ಲಿ!” ಎಂದೆ.

ಚೆಂಡಿಗೆ ಗಾಳಿ ತುಂಬುತ್ತಿದ್ದ ಕಾಂತೊಕು ಪಂಪು ನಿಲ್ಲಿಸಿದರು. ಎದ್ದು ನನ್ನ ಹತ್ತಿರ ಬಂದರು.

“ಯಾವಾಗ? ಜಕಾರ್ತಾದಲ್ಲಾ?”

ಜಕಾರ್ತಾ ಊರೋ ಮೈದಾನವೋ ನನಗೆ ತಿಳಿಯದು. ತಲೆಯಾಡಿಸಿ “ಹಾಯ್” ಎಂದುಬಿಟ್ಟೆ, ಅಂದರೆ ಹೌದು ಎಂದು. ಅವರು ತಲೆಯ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ಅವರ ಕಣ್ಣು ಯಾಕೆ ತೇವವಾಯಿತು ಎಂದು ನನಗೆ ಅರ್ಥವಾಗಲಿಲ್ಲ.

ಎರಡು ದಿನ ಬಿಟ್ಟು ಕುಂಚದಲ್ಲಿ ಬರೆದ ಪತ್ರವೊಂದು ಮನೆಗೆ ಬಂತು. ಅಕ್ಕ ಓದಿದಳು. ತಿಂಗಳ ಕೊನೆಯ ಭಾನುವಾರ ಪಕ್ಕದ ಬಡಾವಣೆಯ ತಂಡದೊಡನೆ ನಮ್ಮ ಪಂದ್ಯ, ಪೂಜ್ಯ ತಾತನವರು ದಯವಿಟ್ಟು ಬಂದು ಮೊದಲ ಚೆಂಡು ಒದೆಯಬೇಕು. “ತಾತನ್ನ ಯಾಕೋ ಕರ್ದಿದಾರೆ?” ಎಂದು ಅಕ್ಕ ಕೇಳಿದಳು. ಗೊತ್ತಿಲ್ಲ ಎಂದೆ. ಅಲ್ಲಿಗೆ ಸುಳ್ಳು ಎರಡಾಯಿತು. ತಾತನಿಗೋ ಹಿಗ್ಗು. ಹಿರಿಯರಿಗೆ ಇಲ್ಲಿ ಎಷ್ಟು ಮರ್ಯಾದೆ ಎಂದು ಅಮ್ಮನ ಹತ್ತಿರ ದಿನಾ ಹೇಳುತ್ತಿದ್ದರು. ಅಮ್ಮ ಕಲಸಿಕೊಟ್ಟ ಮೊಸರನ್ನವನ್ನು ನಾನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದೆ. ಮಳೆ ಬರಲಿ, ಜ್ವರ ಬರಲಿ ಎಂದು ಬೇಡಿಕೊಂಡೆ. ಎರಡೂ ಬರಲಿಲ್ಲ.

ಭಾನುವಾರ ಬಂತು. ಏಷ್ಯಾ ಪಂದ್ಯಾವಳಿಯ ಫೈನಲ್ಲೂ ಅವತ್ತೇ, ಜಪಾನಿಗೂ ಸೌದಿಗೂ. ನಾವು ಮಕ್ಕಳೆಲ್ಲ ಮಲಗಿದ ಮೇಲೆ ಶುರುವಾಗುವ ಆಟ. ಆಫೀಸಿನಿಂದ ಕರೆ ಬಂತೆಂದು ಅಪ್ಪ ಹೊರಟುಹೋದರು. ಅಮ್ಮ ದೊಡ್ಡ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಟ್ಟಳು. ತಾತ, ಅಕ್ಕ, ನಾನು ನಡೆದು ಹೊರಟೆವು. ಬಿಸಿಲು ಎಳೆಯದಾಗಿತ್ತು, ಮನೆಗಳ ಬೇಲಿಯ ಮೇಲೆ ಟೊಮೇಟೊದಂಥ ಕಾಕಿ ಹಣ್ಣು ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತಿತ್ತು. ತಾತ ಪ್ರತಿ ಮರದ ಮುಂದೂ ನಿಂತು ನೋಡಿದರು. ಎಷ್ಟು ನಿಧಾನವಾದರೂ ಮೈದಾನ ಹತ್ತಿರ ಬರುತ್ತಲೇ ಇತ್ತು.

ಕಾಂತೊಕು ಮಾಸಿದ ಟ್ರ್ಯಾಕ್‌ಸೂಟ್ ಬಿಟ್ಟು ಕಪ್ಪು ಕೋಟು ಹಾಕಿ ಟೈ ಕಟ್ಟಿಕೊಂಡಿದ್ದರು. ತಾತನನ್ನು ಕಂಡೊಡನೆ ಸೊಂಟದವರೆಗೆ ಬಾಗಿದರು. ತಾತ ಕೈಮುಗಿದರು. ಅವರು ಮತ್ತೆ ಬಾಗಿದರು, ತಾತ ಮತ್ತೆ ಕೈಮುಗಿದರು. ಎರಡೂ ತಂಡದ ಮಕ್ಕಳು ಸಾಲಾಗಿ ನಿಂತಿದ್ದರು, ಹಿಂದೆ ಅವರ ಅಪ್ಪ ಅಮ್ಮಂದಿರು. ಕಾಂತೊಕು ಎಲ್ಲರಿಗೂ ಕೇಳುವಂತೆ ಹೇಳಿದರು, ಇವರು ಜಕಾರ್ತಾದ ಏಷ್ಯಾ ಕ್ರೀಡಾಕೂಟದಲ್ಲಿ ಭಾರತದ ಪರ ಆಡಿದವರು ಎಂದು.

ಅಕ್ಕ ನನ್ನ ಕಡೆ ತಿರುಗಿದಳು. ನಾನು ನನ್ನ ಬೂಟು ನೋಡುತ್ತಿದ್ದೆ.

“ಏನಂತಮ್ಮಾ ಅವ್ರು ಹೇಳೋದು?” ಎಂದರು ತಾತ.

ಅಕ್ಕ ಮುಖದ ಮೇಲೆ ನಗು ಇಟ್ಟುಕೊಂಡೇ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು. “ತಾತಾ, ನೀವು ಇಂಡಿಯಾ ಟೀಮಲ್ಲಿ ಆಡಿದೀರಂತೆ. ಇವ್ನೇ ಹೇಳಿರ್ಬೇಕು. ಪ್ಲೀಸ್, ಈಗ ಸುಮ್ನೆ ಹೂಂ ಅಂದ್ಬಿಡಿ. ಮನೇಗ್ ಹೋಗಿ ನೋಡ್ಕೊಳ್ಳೋಣ.”

“ಆಡಿಲ್ಲವಲ್ಲಮ್ಮ ನಾನು. ಹೆಂಗೆ ಹೂಂ ಅನ್ನಲಿ?” ಎಂದರು ತಾತ. ಸಿಟ್ಟಿನಿಂದಲ್ಲ, ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದಾಗ ಹೇಳುವ ದನಿಯಲ್ಲಿ. ಆಮೇಲೆ ನನ್ನನ್ನು ನೋಡಿದರು. ನಾನೇ ಹೇಳಲಿ ಎಂದು ಕಾದರು.

ತಾತ ನಾಚಿಕೊಳ್ಳುತ್ತಿದ್ದಾರೆ ಎಂದುಕೊಂಡರೋ ಏನೋ, ಕಾಂತೊಕು ಕೋಟಿನ ಜೇಬಿನಿಂದ ಒಂದು ಹಳೆಯ ಕಪ್ಪು ಬಿಳುಪು ಫೋಟೋ ತೆಗೆದರು. ಮೈದಾನವೊಂದರಲ್ಲಿ ಎರಡು ತಂಡಗಳು ಎದುರುಬದುರು ನಿಂತಿದ್ದವು. ಒಂದು ಸಾಲಿನ ತುದಿಯ ತೆಳ್ಳನೆಯ ಹುಡುಗನ ಮೇಲೆ ಬೆರಳಿಟ್ಟು, “ಇದು ನಾನು,” ಎಂದರು.

ನಾವೆಲ್ಲ ಫೋಟೋದ ಸುತ್ತ ಮುತ್ತಿಕೊಂಡೆವು. ನಮಗೆ ತೋಫು ಮಾರುವ ಕಾಂತೊಕು ಜಪಾನ್ ತಂಡದಲ್ಲಿ ಆಡಿದವರು! ಇಷ್ಟು ವರ್ಷದಲ್ಲಿ ಬಡಾವಣೆಯ ಯಾರ ಹತ್ತಿರವೂ ಅವರು ಆ ಮಾತು ಎತ್ತಿರಲಿಲ್ಲ.

“ಅರವತ್ತೆರಡನೇ ಇಸವಿ. ಭಾರತ ನಮ್ಮನ್ನು ಎರಡು ಗೋಲಿನಿಂದ ಸೋಲಿಸಿತು,” ಎಂದರು ಅವರು. “ನಾನು ಹುಲ್ಲಿನ ಮೇಲೆ ಕೂತು ಅಳುತ್ತಿದ್ದೆ. ನಿಮ್ಮವರೊಬ್ಬರು ಬಂದು ಕೈಹಿಡಿದು ಎಬ್ಬಿಸಿದರು, ಭುಜ ತಟ್ಟಿ ಏನೋ ಹೇಳಿದರು. ಕಣ್ಣಲ್ಲಿ ನೀರು ತುಂಬಿ ಮುಖ ಕಾಣಲಿಲ್ಲ. ಮೂವತ್ತೆಂಟು ವರ್ಷದಿಂದ ಅವರನ್ನು ನೆನೆಯುತ್ತಿದ್ದೇನೆ. ಅವರು ನೀವೇನಾ?”

ಅಕ್ಕ ಅದನ್ನು ಕನ್ನಡಕ್ಕೆ ತಿರುಗಿಸುವಾಗ ಅವಳ ದನಿ ನಡುಗುತ್ತಿತ್ತು. ನನಗೆ ಇನ್ನು ತಡೆಯಲಾಗಲಿಲ್ಲ.

“ಗೊಮೆನ್ನಾಸಾಯ್!” ಎಂದು ಕೂಗಿದೆ. ಕ್ಷಮಿಸಿ ಎಂದು. “ಸುಳ್ಳು ಹೇಳಿದೆ. ತಾತ ಆಡಿಲ್ಲ. ತಾತ ಮೇಷ್ಟ್ರು. ಎಲ್ಲರೂ ನಕ್ಕರು ಅಂತ ಹೇಳಿದೆ.” ನನ್ನ ಹರಕು ಜಪಾನಿಯಲ್ಲಿ ಇನ್ನೂ ಏನೇನೋ ಹೇಳಿದೆ, ಮೂಗು ಸುರಿಯುತ್ತಿತ್ತು. ದೊಡ್ಡ ಗ್ಲೌಸಿನಿಂದಲೇ ಒರೆಸಿಕೊಂಡೆ.

ಜೊಂಡಿನಲ್ಲಿ ಬಾತುಕೋಳಿಯೊಂದು ರೆಕ್ಕೆ ಬಡಿದ ಸದ್ದು ಕೇಳಿತು. ಕಾಂತೊಕು ಫೋಟೋವನ್ನು ನಿಧಾನವಾಗಿ ಜೇಬಿಗೆ ಇಳಿಸಿದರು. ಅವರ ಭುಜ ಕುಸಿದದ್ದನ್ನು ನೋಡಿ, ಬೈದಿದ್ದರೇ ಚೆನ್ನಾಗಿತ್ತು ಎನಿಸಿತು.

ತಾತ ನನ್ನ ಪಕ್ಕಕ್ಕೆ ಬಂದು ನಿಂತು ತಲೆಯ ಮೇಲೆ ಕೈಯಿಟ್ಟರು. “ಅವ್ರಿಗೆ ಹೇಳಮ್ಮ,” ಎಂದು ಅಕ್ಕನಿಗೆ ಹೇಳಿದರು. “ಮೊಮ್ಮಗ ತಪ್ಪು ಮಾಡಿದಾನೆ, ನಾನೂ ಕ್ಷಮೆ ಕೇಳ್ತೀನಿ. ಆ ವರ್ಷ ನಾನು ಹೊಸದಾಗಿ ಮೇಷ್ಟ್ರಾಗಿದ್ದೆ. ಪೇಪರ್ ನೋಡಿ, ನಾವು ಗೆದ್ವಿ ಅಂತ ಕ್ಲಾಸಿನ ಮಕ್ಕಳ ಕೈಲೆಲ್ಲ ಚಪ್ಪಾಳೆ ಹೊಡಿಸಿದ್ದೆ. ಸೋತೋರು ಹೆಂಗಿದಾರೋ ಅಂತ ಯೋಚನೆ ಮಾಡಿರ್ಲಿಲ್ಲ. ಇವತ್ತು ನೋಡಿದೆ. ಅವತ್ತು ಆ ಮನುಷ್ಯ ಏನು ಹೇಳಿದ್ನಂತೆ, ಅವ್ರಿಗೇನಾದ್ರೂ ನೆನಪಿದೆಯಾ ಕೇಳು.”

ಅಕ್ಕ ಕೇಳಿದಳು. ಕಾಂತೊಕು ಒಂದೊಂದೇ ಅಕ್ಷರ ಜೋಡಿಸಿ ಹೇಳಿದರು. “ಪಾ... ರಾ... ವಾ.” ಮುಂದಿನದು ನೆನಪಿಲ್ಲವಂತೆ. ಎಷ್ಟೋ ಜನರನ್ನು ಕೇಳಿದರೂ ಅದೇನೆಂದು ಯಾರಿಗೂ ಗೊತ್ತಾಗಲಿಲ್ಲವಂತೆ.

ತಾತ ಮಂಕಿ ಟೋಪಿಯನ್ನು ಕಿವಿಯಿಂದ ಮೇಲಕ್ಕೆ ಸರಿಸಿದರು. “ಇನ್ನೊಂದ್ಸಲ ಹೇಳಿ.”

“ಪಾರಾವಾ.”

“ಪರವಾಗಿಲ್ಲ!” ಎಂದರು ತಾತ. “ಅಯ್ಯೋ, ಪರವಾಗಿಲ್ಲ ಅಂದಿರ್ಬೇಕು ಕಣಮ್ಮ! ಅವನು ಯಾವ ಊರೋನೋ ನನಗೆ ಗೊತ್ತಿಲ್ಲ. ನಾವು ಪರವಾಗಿಲ್ಲ ಅಂತೀವಿ, ತೆಲುಗಿನೋರು ಪರವಾಲೇದು ಅಂತಾರೆ, ಹೈದರಾಬಾದಿನ ಕಡೆ ಪರ್ವಾ ನಹೀ ಅಂತಾರೆ. ಯಾವ್ದಾದ್ರೂ ಅರ್ಥ ಒಂದೇ.”

“ದೈಜೋಬು,” ಎಂದು ಅಕ್ಕ ಜಪಾನಿಯಲ್ಲಿ ಹೇಳಿದಳು. “ಪರವಾಗಿಲ್ಲ, ಏನೂ ಆಗಿಲ್ಲ, ಅಂದಿದ್ದಾರೆ.”

ಕಾಂತೊಕು ಆ ಪದವನ್ನು ಬಾಯೊಳಗೇ ಎರಡು ಸಲ ಹೇಳಿಕೊಂಡರು. ಆಮೇಲೆ ಅವರ ಮುಖದಲ್ಲಿ ಮೂಡಿದ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ. ಬಹಳ ದೂರದಿಂದ ಹೊತ್ತು ತಂದ ಮೂಟೆಯನ್ನು ಕೆಳಗಿಳಿಸಿದವರ ನಗು ಅದು. ಕಣ್ಣೊರೆಸಿಕೊಂಡರು, ತಾತನ ಎರಡೂ ಕೈ ಹಿಡಿದು “ಅರಿಗಾತೋ” ಎಂದು ಧನ್ಯವಾದ ಹೇಳಿದರು. ನಂತರ ನನ್ನ ಮುಂದೆ ನೋವಿನ ಮೊಣಕಾಲೂರಿ ಕೂತರು. ಸುಳ್ಳು ಹೇಳಿದ್ದು ಸರಿಯಲ್ಲ ಎಂದು ನೇರವಾಗಿಯೇ ಹೇಳಿದರು. ಹೇಳಿ, ನನ್ನ ಭುಜ ತಟ್ಟಿ, “ಪರವಾಗಿಲ್ಲ,” ಎಂದರು. ‘ಲ್ಲ’ ಅವರ ಬಾಯಲ್ಲಿ ‘ರಾ’ ಆಯಿತು. ಆದರೂ ಅದು ಅಪ್ಪಟ ಕನ್ನಡವಾಗಿ ಕೇಳಿತು.

ಮೊದಲ ಚೆಂಡನ್ನು ತಾತನೇ ಒದೆಯಬೇಕು ಎಂದು ಕಾಂತೊಕು ಪಟ್ಟು ಹಿಡಿದರು. ತಾತ ಪಂಚೆ ಎತ್ತಿ ಕಟ್ಟಿ, ನಾಲ್ಕು ಹೆಜ್ಜೆ ಓಡಿ ಬಂದು ಒದ್ದರು. ಚೆಂಡು ಮೂರು ಮಾರು ಹೋಯಿತು, ಕಾಲಿನ ಚಪ್ಪಲಿ ಹತ್ತು ಮಾರು ಹೋಯಿತು. ಕೆಂತಾ ಓಡಿಹೋಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಬಾಗಿ ಕೊಟ್ಟ. ಎರಡೂ ತಂಡದವರು ಹೊಟ್ಟೆ ಹಿಡಿದು ನಕ್ಕರು, ಎಲ್ಲರಿಗಿಂತ ಜೋರಾಗಿ ತಾತ.

ಆಟದಲ್ಲಿ ನಾನು ಮೂರು ಗೋಲು ಬಿಟ್ಟೆ. ನಾವು ಸೋತೆವು. ಆದರೆ ನನ್ನ ಮೈ ಎಷ್ಟು ಹಗುರಾಗಿತ್ತೆಂದರೆ ಪ್ರತಿ ಚೆಂಡಿಗೂ ಹಾರುತ್ತಿದ್ದೆ, ಅದು ಹೋದ ಮೇಲೂ ಹಾರುತ್ತಿದ್ದೆ. ಮಧ್ಯಾಹ್ನ ಮೈದಾನದಂಚಿನ ಹುಲ್ಲಿನ ಮೇಲೆ ಕೂತು ಮೂರು ತಟ್ಟೆ ಚಿತ್ರಾನ್ನ ತಿಂದೆ. ಕಾಂತೊಕು ತಂದಿದ್ದ ಕರಿದ ತೋಫುವಿಗೆ ತಾತ ಅಮ್ಮ ಕಳಿಸಿದ್ದ ಉಪ್ಪಿನಕಾಯಿ ಹಚ್ಚಿಕೊಂಡು ತಿಂದು, ಭೇಷ್ ಎಂದರು.

ಮನೆಗೆ ಹೋಗುವ ದಾರಿಯಲ್ಲಿ ಅಕ್ಕ, “ಅಪ್ಪ ಅಮ್ಮಂಗೆ ನಾನ್ ಹೇಳಲ್ಲ, ನೀನೇ ಹೇಳ್ಬೇಕು,” ಎಂದಳು. ಹೇಳಿದೆ. ಒಂದು ಸಲ ಹೇಳಿದ ಮೇಲೆ ಎರಡನೇ ಸಲ ಅಷ್ಟು ಕಷ್ಟವಾಗಲಿಲ್ಲ. ಅಮ್ಮ ಬೈದಳು. ಅವತ್ತು ಬೇಗ ಬಂದಿದ್ದ ಅಪ್ಪ “ಇಷ್ಟು ದಿನ ಒಬ್ನೇ ಇಟ್ಕೊಂಡಿದ್ಯೇನೋ ಪುಟ್ಟಾ?” ಎಂದು ಹತ್ತಿರ ಎಳೆದುಕೊಂಡರು. ಮುಂದಿನ ಭಾನುವಾರದಿಂದ ಅಪ್ಪ ಮೈದಾನಕ್ಕೆ ಬರತೊಡಗಿದರು. ಪ್ರತಿ ವಾರವೂ ಅಲ್ಲ, ಆದರೆ ಬಂದರು.

ಸೋಮವಾರ ಬೆಳಿಗ್ಗೆ ಎದ್ದಾಗ ಜಪಾನ್ ಒಂದೇ ಗೋಲಿನಿಂದ ಏಷ್ಯಾದ ಚಾಂಪಿಯನ್ ಆಗಿತ್ತು. ಶಾಲೆಯಲ್ಲಿ ಮಕ್ಕಳು ಮೇಜು ಬಡಿದು ಕುಣಿದರು. ಕೆಂತಾ ನನ್ನ ಕೈಹಿಡಿದು ಎಳೆದ, ನಾನೂ ಕುಣಿದೆ. ಸೌದಿ ತಂಡದವರು ಯಾರಾದರೂ ಹುಲ್ಲಿನ ಮೇಲೆ ಕೂತು ಅತ್ತಿರಬಹುದೇ ಎಂಬ ಯೋಚನೆ ಕುಣಿತದ ನಡುವೆ ಒಮ್ಮೆ ಬಂದು ಹೋಯಿತು.

ಈಗ ನಿಮ್ಮ ಕಾಲ ಬೇರೆ. ನಿಮ್ಮ ತಂಡದಲ್ಲೇ ಆರು ದೇಶದ ಮಕ್ಕಳಿದ್ದಾರೆ, ನಿಮ್ಮ ದೇಶದಲ್ಲಿ ಫುಟ್‌ಬಾಲ್ ಆಡುತ್ತಾರಾ ಎಂದು ನಿಮ್ಮನ್ನು ಯಾರೂ ಕೇಳುವುದಿಲ್ಲ. ನಾನು ಹೇಳಿದಂಥ ಸುಳ್ಳನ್ನು ನೀವು ಹೇಳಿದರೆ ಹನ್ನೆರಡು ದಿನ ಇರಲಿ, ಹನ್ನೆರಡು ಎಣಿಸುವುದರೊಳಗೆ ನಿಮ್ಮ ಗೆಳೆಯರು ಹುಡುಕಿ ಹಿಡಿಯುತ್ತಾರೆ. ಯಾವ ಭಾಷೆಯ ಮಾತನ್ನಾದರೂ ನಿಮ್ಮ ಕೈಯಲ್ಲಿರುವ ಯಂತ್ರ ಅಲ್ಲೇ ಅರ್ಥ ಮಾಡಿಸುತ್ತದೆ, ಅಕ್ಕನ ದನಿ ನಡುಗಬೇಕಾಗಿಲ್ಲ. ಅದೆಲ್ಲ ಒಳ್ಳೆಯದೇ. ಆದರೂ ನನ್ನ ಕಾಲದಂತೆ ನಿಮ್ಮ ಕಾಲದಲ್ಲೂ ತಪ್ಪನ್ನು ಒಪ್ಪಿಕೊಳ್ಳುವ ಮಾತನ್ನು ಮಾತ್ರ ಯಂತ್ರ ಹೇಳಿಕೊಡುವುದಿಲ್ಲ, ಅದನ್ನು ನಾವೇ ಹೇಳಬೇಕು. ಅಂಥ ದಿನ ಬಂದರೆ ನನ್ನನ್ನು ಕರೆಯಿರಿ. ಮಂಡಿ ನೋವಿದ್ದರೂ ಬರುತ್ತೇನೆ. ಹೇಳುವವರು ನೀವೇ, ನಾನು ಪಕ್ಕದಲ್ಲಿ ನಿಂತಿರುತ್ತೇನೆ.