ಗಾಳಿ ನಿಂತ ಮಧ್ಯಾಹ್ನ

ಸಂಜೆಯ ಪೂಜೆಗೆಂದು ಮಧ್ಯಾಹ್ನವೇ ಊದುಬತ್ತಿಯ ಪೊಟ್ಟಣ ಬಿಚ್ಚಿದೆ. ತೇವ ಹಿಡಿದು ಮೆತ್ತಗಾಗಿತ್ತು. ಕಿಟಕಿಯ ಪಕ್ಕ ಇಟ್ಟಿದ್ದು ನಾನೇ, ಬೈಯಲು ಬೇರೆ ಯಾರೂ ಇಲ್ಲ. ಬೆರಳಿಗೆ ಕಪ್ಪು ಅಂಟಿತು. ಮೂಸಿದರೆ ಸುಗಂಧದ ಅಡಿಯಿಂದ ಹಸಿ ಇದ್ದಿಲಿನ ವಾಸನೆ. ಅಷ್ಟೇ ಸಾಕಾಯಿತು. ಬಸವೇಶ್ವರನಗರದ ಈ ಮೂರನೆಯ ಮಹಡಿಯಲ್ಲಿ ಕೂರಲಾರದೆ ಬಾಲ್ಕನಿಗೂ ಅಡುಗೆಮನೆಗೂ ಓಡಾಡತೊಡಗಿದೆ. ಏಪ್ರಿಲ್ ತಿಂಗಳು ಬೇರೆ.

ಎಷ್ಟೋ ವರ್ಷಗಳ ಹಿಂದೆ ನಾವು ಇಲ್ಲೇ ಬೆಂಗಳೂರಿನ ಹೊಸಹಳ್ಳಿಯ ಒಂದು ವಠಾರದಲ್ಲಿದ್ದೆವು. ಅಮ್ಮ ಮತ್ತು ಅಕ್ಕಪಕ್ಕದ ಹೆಂಗಸರು ಮನೆಯಲ್ಲೇ ಊದುಬತ್ತಿ ಹೊಸೆದು, ತಾರಸಿಯ ಮೇಲೆ ಗೋಣಿಚೀಲ ಹಾಸಿ ಒಣಗಿಸುತ್ತಿದ್ದರು. ಕಪ್ಪು ಕೈಗಳ ಆ ಗುಂಪಿಗೆ ಹೊಸದಾಗಿ ಸೇರಿದವಳು ನಮ್ಮ ಮೇಲಿನ ಕೋಣೆಯ ಗಿರಿಜಕ್ಕ, ಕುಮಟೆಯ ಕಡೆಯವಳು. ಬೇಸಿಗೆಯಲ್ಲಿ ಮಧ್ಯಾಹ್ನ ಎರಡು ದಾಟಿದರೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತಾರಸಿಯ ತುಂಬ ಸುತ್ತುವಳು. ಗಾಳಿ ನಿಂತಿತೋ, ಮೆಟ್ಟಿಲಿನಿಂದ ಕೂಗುವಳು: "ಎತ್ತಿಡ್ರೇ, ಗಾಳಿ ನಿಂತದೆ!"

ಯಾಕೆಂದು ಒಮ್ಮೆ ಕೇಳಿದ್ದೆ.

"ನಮ್ಮ ಬದಿಗೆ ಬೇಸಿಗೆಲಿ ನೆಲ ಕಾಯ್ತದೆ ತಮ್ಮಾ, ಕಡಲು ಅಷ್ಟು ಕಾಯೂದಿಲ್ಲ. ಕಡಲಗಾಳಿ ತೇವ ಹೊತ್ಕೊಂಡು ಹೋಗಿ ಘಟ್ಟ ಹತ್ತತದೆ, ಅಲ್ಲಿ ಮೋಡ ಕಟ್ತದೆ. ಸಂಜೆಗೆ ಅದೇ ಮೋಡ ತಿರುಗಿ ಬಂದು ನಮ್ಮ ತಲೆ ಮೇಲೆ ಗುಡುಗ್ತದೆ. ಅದಕ್ಕೂ ಮೊದಲು ಗಾಳಿ ಒಮ್ಮೆ ಸುಮ್ಮನಾಗ್ತದೆ, ನೋಡು."

ಕುಮಟೆಯಲ್ಲಿ ಸರಿಯೇ. ಬೆಂಗಳೂರಿನ ಏಪ್ರಿಲ್‌ನಲ್ಲಿ ಗಾಳಿ ದಿನಾ ನಿಲ್ಲುತ್ತದೆ. ಅವಳು ಹತ್ತು ಸಲ ಕೂಗಿದರೆ ಮಳೆ ಬಂದದ್ದು ಎರಡು ಸಲ. ಎತ್ತಿಟ್ಟು, ಮತ್ತೆ ಹರಡಿ ಹೆಂಗಸರಿಗೆ ಸಾಕಾಗಿತ್ತು. ನಾನೋ, ಆಗತಾನೇ ಬಿಎಸ್ಸಿ ಮುಗಿಸಿದವನು. ತಿಳಿವಳಿಕೆ ಅರ್ಧವಾದರೂ ಗಂಟಲು ಪೂರ್ತಿ ಇತ್ತು. ಒಂದು ದಿನ ಎಲ್ಲರೆದುರು ಕೇಳಿಯೇಬಿಟ್ಟೆ: "ಗಿರಿಜಕ್ಕ, ಇಲ್ಲಿ ಸಮುದ್ರ ಎಲ್ಲಿದೆ ತೋರ್ಸಿ ನೋಡೋಣ. ನಿಮ್ಮೂರ ಗಾಳಿ ಬಸ್ ಹತ್ಕೊಂಡು ಬರುತ್ತಾ?"

ವಠಾರವೇ ನಕ್ಕಿತು. ಅವಳೂ ನಕ್ಕಳು. ಮಾರನೆಯ ದಿನದಿಂದ ಕೂಗುವುದನ್ನು ನಿಲ್ಲಿಸಿದಳು. ಓಡಾಟ ಮಾತ್ರ ನಿಲ್ಲಲಿಲ್ಲ; ತಾರಸಿಯಿಂದ ಕೋಣೆಯೊಳಕ್ಕೆ ಹೋಯಿತು. ಮಧ್ಯಾಹ್ನವಿಡೀ ನಮ್ಮ ತಲೆಯ ಮೇಲೆ ಅವಳ ಹೆಜ್ಜೆ ಕೇಳಿಸುತ್ತಿತ್ತು.

ಒಂದು ದಿನ ಗಾಳಿ ನಿಂತ ಹೊತ್ತಿಗೆ ಆ ಹೆಜ್ಜೆಗಳು ಮೆಟ್ಟಿಲಿಗೆ ಬಂದವು. ಅರ್ಧ ಇಳಿದಿದ್ದಳು. ಅಂಗಳದಲ್ಲಿ ಪೇಪರ್ ಓದುತ್ತಿದ್ದ ನಾನು ತಲೆಯೆತ್ತಿ, ಏನಕ್ಕಾ ಎಂಬಂತೆ ಹುಬ್ಬು ಹಾರಿಸಿದೆ. ಅವಳು ಹಾಗೇ ಹಿಂದಿರುಗಿದಳು.

ಅರ್ಧ ಗಂಟೆಯಲ್ಲಿ ಗುಡುಗು, ಆಲಿಕಲ್ಲು, ಮಳೆ. ನಾಲ್ಕು ಮನೆಯವರು ವಾರವಿಡೀ ಹೊಸೆದದ್ದು ಕರಗಿ, ತಾರಸಿಯ ಕೊಳವೆಯಿಂದ ಕಪ್ಪು ನೀರಾಗಿ ಅಂಗಳಕ್ಕೆ ಸುರಿಯಿತು. ಅದರಲ್ಲಿ ನಿಂತು ಅಮ್ಮ ಕೇಳಿದಳು: "ಗಿರಿಜಾ, ನಿಂಗೆ ಗೊತ್ತಾಗ್ಲಿಲ್ವೇನೇ?"

"ಗೊತ್ತಾಗಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

ಗಿರಿಜಕ್ಕ ಸೆರಗಿನ ಅಂಚು ಹಿಂಡುತ್ತಾ ನಿಂತಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನ್ನಿಂದಲೇ ಎಂದು ನಾನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಬೇಕೆಂದೇ ಸುಮ್ಮನಿದ್ದಳೆಂದು ಹೆಂಗಸರು ಅವಳೊಡನೆ ಮಾತು ಬಿಟ್ಟರು. ಜೂನ್‌ಗೆ ಮೊದಲೇ ಅವಳೂ ಅವಳ ಗಂಡನೂ ಮನೆ ಖಾಲಿ ಮಾಡಿದರು. ಹೋಗುವಾಗ ನನಗೆ ಮಾತ್ರ "ಬರ್ತೆ ತಮ್ಮಾ" ಎಂದಳು. ಅದು ಇವತ್ತಿಗೂ ಚುಚ್ಚುತ್ತದೆ.

ನಮ್ಮ ಬೇಸಿಗೆ ಮಳೆಗೂ ತೇವ ಎರಡು ಕಡೆಯ ಕಡಲಿನಿಂದಲೇ ಬರುತ್ತದೆಂದು, ಆ ಗಾಳಿಗಳು ಒಳನಾಡಿನ ಕಾದ ನೆಲದ ಮೇಲೆ ಸಂಧಿಸುತ್ತವೆಂದು ಆಮೇಲೆ ಓದಿದೆ. ಸಮುದ್ರ ನಮ್ಮ ವಠಾರದವರೆಗೂ ಬರುತ್ತಿತ್ತು ಅನ್ನಿ. ಯಾರಿಗೆ ಹೇಳಲಿ?

ಇಷ್ಟು ನಿಮಗೆ ಹೇಳುವಷ್ಟರಲ್ಲಿ ಬಾಲ್ಕನಿಯ ತುಳಸಿ ಅಲುಗುವುದು ನಿಂತಿದೆ. ಮೇಲೆ ನಮ್ಮ ಕಟ್ಟಡದ ತಾರಸಿಯಲ್ಲಿ ಎದುರುಮನೆಯ ಹಾವೇರಿ ಹುಡುಗಿ ಹರಡಿದ ಮೆಣಸಿನಕಾಯಿ ಇದೆ. ನಾನು ಹೋಗಿ ಅವಳ ಮನೆಯ ಬೆಲ್ ಒತ್ತಿದೆ.

"ಮೆಣಸಿನಕಾಯಿ ಎತ್ತಿಡಮ್ಮ, ಮಳೆ ಬರಬಹುದು."

"ಫೋನ್‌ನ್ಯಾಗ ಮಳಿ ಇಲ್ಲಂತ ತೋರಸಾಕತ್ತೈತಿ ಅಂಕಲ್. ಮೊನ್ನೇನೂ ನೀವು ಹಿಂಗ ಅಂದ್ರಿ, ಬರಲಿಲ್ಲ."

"ಇವತ್ತೂ ಬರ್ದಿದ್ರೆ ನನ್ನ ನೋಡಿ ನಕ್ಬಿಡು."

ಅವಳು ಆಗಲೇ ನಕ್ಕಳು. ನಗುತ್ತಲೇ ಬುಟ್ಟಿ ಹಿಡಿದು ಮೆಟ್ಟಿಲು ಹತ್ತಿದಳು. ನಾನೂ ಹಿಂದೆಯೇ ಹೋಗಿ ಮೆಣಸಿನಕಾಯಿ ಬಾಚತೊಡಗಿದೆ. ತಲೆಯ ಮೇಲೆ ಒಂದು ತುಣುಕು ಮೋಡವೂ ಇರಲಿಲ್ಲ.