ಕುರ್ಚಿ ಬೆಚ್ಚಗಾಗದ ಮೂವತ್ತೈದು ವರ್ಷ

ಅಂಗವಿಕಲ ವಿದ್ಯಾರ್ಥಿಗಳಿಗೆ ಕಾಲೇಜು ಏನು ಮಾಡಿಕೊಡಬೇಕು ಎಂಬ ಪ್ರಶ್ನೆಗೆ ಇಂದು ಕಾಯ್ದೆಯಿದೆ, ಸುತ್ತೋಲೆಯಿದೆ, ಗೋಡೆಗೆ ಹೊಡೆದ ಫಲಕವಿದೆ. ಇವು ಯಾವುವೂ ನಮ್ಮ ಕಡೆ ತಲುಪದಿದ್ದ ಕಾಲದಲ್ಲಿ, ಬಾಗಲಕೋಟೆ ಜಿಲ್ಲೆಯ ಈ ಮೂಲೆಯಲ್ಲಿ ಆ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡು ನೆಮ್ಮದಿ ಕೆಡಿಸಿಕೊಂಡವರು ಬೆರಳೆಣಿಕೆಯಷ್ಟು. ಅವರಲ್ಲಿ, ಹುನಗುಂದದ ಜ್ಞಾನಸಂಗಮ ಕಲಾ ಮತ್ತು ವಾಣಿಜ್ಯ ಮಹಾವಿದ್ಯಾಲಯದ ಭೂಗೋಳ ಪ್ರಾಧ್ಯಾಪಕರೂ ಅಲ್ಲಿನ ವಿಶೇಷಚೇತನ ವಿದ್ಯಾರ್ಥಿಗಳ ಸಹಾಯ ಘಟಕದ ಸಂಚಾಲಕರೂ ಆಗಿದ್ದು, ಮೂವತ್ತೈದು ವರ್ಷದ ಸೇವೆ ಮುಗಿಸಿ ಇದೇ ಮೇ ತಿಂಗಳ ಕೊನೆಯ ದಿನ ನಿವೃತ್ತರಾದ ಪ್ರೊ. ವಿಜಯಮಹಾಂತೇಶ ಬಾವಿಕಟ್ಟಿಯವರ ಹೆಸರು ಮೊದಲು ಬರಬೇಕು. ಬಂದರೆ ಅವರು ಒಪ್ಪುವುದಿಲ್ಲ, ಅದು ಬೇರೆ ಮಾತು. ಒಪ್ಪುವುದಕ್ಕಾದರೂ ಮನುಷ್ಯ ಒಂದು ಕಡೆ ಕೂರಬೇಕಲ್ಲ. ಅಧ್ಯಾಪಕರ ಕೊಠಡಿಯಲ್ಲಿ ಅವರ ಪಾಲಿನ ಕುರ್ಚಿಯೊಂದಿತ್ತು. ಅದರ ಮೇಲೆ ನಾವು ಸಹೋದ್ಯೋಗಿಗಳೆಲ್ಲ ಸರದಿಯಂತೆ ಕೂತಿದ್ದೇವೆ, ಅವರೊಬ್ಬರನ್ನು ಬಿಟ್ಟು.

ಹೀಗೆ ಕೂರದೆ ಓಡುವ ಬಾಳಿಗೆ ಮೂಲ ಇಳಕಲ್ಲಿನ ಅವರ ಮನೆಯಲ್ಲಿದೆ. ತಂದೆ ಕುಣಿಮಗ್ಗದ ನೇಕಾರರು. ಮನೆಯಲ್ಲಿ ಇಬ್ಬರೇ ಮಕ್ಕಳು, ಇಬ್ಬರೂ ಗಂಡು. ಹಿರಿಯ ಈರಪ್ಪನವರಿಗೆ ಮೂರನೆಯ ವಯಸ್ಸಿಗೇ ಪೋಲಿಯೊ ಬಂದು ಎರಡೂ ಕಾಲು ಹೋಗಿದ್ದವು. ಕುಣಿಯೊಳಗೆ ಇಳಿದು ಹಲಗೆ ತುಳಿಯಲಾಗದ ಮಗ ಓದಲಿ ಎಂದು ತಂದೆ ಅವರನ್ನು ಬಾಗಲಕೋಟೆಗೆ, ಸೋದರಮಾವನ ಮನೆಗೆ ಕಳಿಸಿ ಕಾಲೇಜಿಗೆ ಹೆಸರು ಹಚ್ಚಿಸಿದರು. ತರಗತಿ ಮಹಡಿಯ ಮೇಲಿತ್ತು. ಮಾವ ಎರಡು ದಿನ ಹೊತ್ತು ಹತ್ತಿಸಿದರು, ಗೆಳೆಯರು ಮೂರು ದಿನ. ಆರನೆಯ ದಿನ ಈರಪ್ಪನವರು ಕೆಳಗೇ ಕೂತು ಪಾಠದ ಸದ್ದು ಕೇಳಿದರು, ಎಂಟನೆಯ ದಿನ ಊರಿಗೆ ಮರಳಿದರು. ಮುಂದೆ ಬಾಳೆಲ್ಲ ಮನೆಯ ಪಡಸಾಲೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದರು. ಅಣ್ಣನ ಪುಸ್ತಕಗಳನ್ನೇ ಓದಿ ತಮ್ಮ ಪಾಸಾದರು, ಎಂ.ಎ. ಮಾಡಿದರು, ಪ್ರಾಧ್ಯಾಪಕರಾದರು. ಅಣ್ಣನ ಜಾಗದಲ್ಲಿ ತಾನು ಕೂತಿದ್ದೇನೆ ಎಂಬ ಮುಳ್ಳು ಅಂದು ಚುಚ್ಚಿದ್ದು ಅವರಿಗೆ ಇಂದಿಗೂ ಕೀಳಲು ಬಂದಿಲ್ಲ.

ಬಾದಾಮಿಯಲ್ಲಿ ಅರೆಕಾಲಿಕ ಉಪನ್ಯಾಸಕರಾಗಿ ಸೇವೆಗೆ ಸೇರಿದ ವರ್ಷವೇ ಅವರ ತರಗತಿಗೆ ಕಣ್ಣು ಕಾಣದ ಹುಡುಗನೊಬ್ಬ ಬಂದ. ಭೂಗೋಳವೆಂದರೆ ನಕಾಶೆ, ನಕಾಶೆಯೆಂದರೆ ಕಣ್ಣು. ಬಾವಿಕಟ್ಟಿಯವರು ಒಂದು ಭಾನುವಾರ ಮನೆಗೆ ಹೋಗಿ, ಮಗ್ಗದ ಕೆಳಗೆ ಬಿದ್ದ ರೇಷ್ಮೆಯ ತುಂಡುಗಳನ್ನು ಆರಿಸಿ ತಂದು, ರಟ್ಟಿನ ಮೇಲೆ ಅಂಟಿಸಿ ಮಲಪ್ರಭೆಯನ್ನೂ ಕೃಷ್ಣೆಯನ್ನೂ ಹರಿಸಿದರು. ಊರುಗಳಿಗೆ ಜೋಳದ ಕಾಳು, ಬಾದಾಮಿಗೆ ಮಾತ್ರ ಅಲ್ಲಿಯದೇ ಕೆಂಗಲ್ಲಿನ ಚೂರು. ಹುಡುಗ ಬೆರಳಾಡಿಸಿ ನದಿ ಹಿಡಿದು ಊರು ಮುಟ್ಟಿದ. ಮರುವರ್ಷ ಆ ನಕಾಶೆಗೆ ನುಸಿ ಹತ್ತಿ ಬಾಗಲಕೋಟೆಯೇ ಮಾಯವಾಯಿತು. ಅಣೆಕಟ್ಟಿನ ಹಿನ್ನೀರಿನ ಬಾಗಲಕೋಟೆಗೆ ಮುಳುಗಡೆ ಹೊಸದಲ್ಲ ಎಂದು ಅಲ್ಲಿನ ಸಹೋದ್ಯೋಗಿಗಳು ನಕ್ಕರು, ಅವರು ನಗಲಿಲ್ಲ. ಅಂದೇ ಕಾಳುಗಳನ್ನೆಲ್ಲ ಕಿತ್ತು ಅಂಗಿಯ ಗುಂಡಿಗಳನ್ನು ಅಂಟಿಸುತ್ತ ನಿಂತರು.

ಹುನಗುಂದಕ್ಕೆ ಬಂದು ಹಲವು ವರ್ಷಗಳಾದ ಮೇಲೆ, ಬೇವೂರಿನ ಯುವರಾಜನೆಂಬ ವಿದ್ಯಾರ್ಥಿ ಗಾಲಿಕುರ್ಚಿಯಲ್ಲಿ ಕಾಲೇಜಿಗೆ ಬಂದ. ಭೂಗೋಳದ ತರಗತಿ ಅಲ್ಲಿಯೂ ಮಹಡಿಯ ಮೇಲೆಯೇ. ಇಳಿಜಾರು ಕಟ್ಟಿಸಿ, ತರಗತಿ ಕೆಳಗೆ ಕೊಡಿ ಎಂದು ಬಾವಿಕಟ್ಟಿಯವರು ಬರೆದ ಅರ್ಜಿಗಳು ಕಡತದಲ್ಲಿ ದಪ್ಪವಾದವೇ ಹೊರತು ಫಲ ಕಾಣಲಿಲ್ಲ. ಆಗ ಅವರು ಜಗಳ ಆಡಲಿಲ್ಲ, ತಮ್ಮ ಕರಿಹಲಗೆಯನ್ನು ಸೈಕಲ್ ಸ್ಟ್ಯಾಂಡಿಗೆ ಒಯ್ದರು. ವರ್ಷವಿಡೀ ಸೈಕಲ್ಲುಗಳ ನಡುವೆ ನಿಂತು ಪಾಠ ಹೇಳಿದರು. ಕಾಲೇಜಿಗೆ ಬಂದ ಅತಿಥಿಗಳೆಲ್ಲ ಇದೇನು ಎಂದು ಕೇಳಿ ಕೇಳಿ, ಆಡಳಿತ ಮಂಡಳಿಗೆ ತಲೆ ಎತ್ತಲಾಗದಂತಾಗಿ, ಕೊನೆಗೆ ತರಗತಿ ಕೆಳಗಿಳಿಯಿತು, ಅದರ ಜಗಲಿಗೆ ಇಳಿಜಾರೂ ಬಂತು. ಅದೂ ಆಡು ಮಾತ್ರ ಹತ್ತಬಹುದಾದಷ್ಟು ಕಡಿದಾಗಿ. ಬಾವಿಕಟ್ಟಿಯವರು ಗುತ್ತಿಗೆದಾರರನ್ನೇ ಗಾಲಿಕುರ್ಚಿಯಲ್ಲಿ ಕೂರಿಸಿ, ತಾವೇ ಮೇಲಿನವರೆಗೆ ತಳ್ಳಿ, ಅಲ್ಲಿ ಕೈ ಬಿಡಲೇ ಎಂದು ವಿನಯದಿಂದ ಕೇಳಿದರಂತೆ. ಇಳಿಜಾರನ್ನು ಒಡೆದು ಹೊಸದಾಗಿ ಕಟ್ಟಿದರು.

ಅದು ಮುಗಿದ ವಾರ ಅವರು ಅಣ್ಣನನ್ನು ಮೂರು ಗಾಲಿಯ ಸೈಕಲ್ಲಿನ ಸಮೇತ ಟಂಟಂ ಆಟೋದಲ್ಲಿ ಹುನಗುಂದಕ್ಕೆ ಕರೆತಂದರು. ಈರಪ್ಪನವರು ಯಾರ ಕೈಯನ್ನೂ ಹಿಡಿಯದೆ ಹತ್ತಿದರು, ಇಳಿದರು, ಮತ್ತೊಮ್ಮೆ ಹತ್ತಿ ಖಾಲಿ ತರಗತಿಯನ್ನು ನೋಡುತ್ತ ಒಂದಿಷ್ಟು ಹೊತ್ತು ಇದ್ದರು.

“ಚೊಲೊ ಆಗೈತಿ,” ಎಂದರು. “ಮೂವತ್ತು ವರ್ಷ ತಡಾ ಆತು ನೋಡಲೇ ತಮ್ಮಾ.”

ಎರಡು ವರ್ಷದ ನಂತರ ಈರಪ್ಪನವರು ತೀರಿಕೊಂಡರು. ಆ ಮೇಲಂತೂ ಬಾವಿಕಟ್ಟಿಯವರ ಓಟ ಇನ್ನೂ ಹೆಚ್ಚಾಯಿತು. ಯಾರದೋ ಪ್ರಮಾಣಪತ್ರಕ್ಕೆ ಬಾಗಲಕೋಟೆಯ ದವಾಖಾನೆಗೆ, ಯಾರದೋ ಬಸ್ ಪಾಸಿಗೆ ಡಿಪೋಗೆ, ಕಿವಿ ಕೇಳದ ಹುಡುಗಿಗೆ ಮೊದಲ ಬೆಂಚು ಬಿಟ್ಟುಕೊಡಿ ಎಂದು ಸಹೋದ್ಯೋಗಿಗಳ ಮನೆಗೆ. ತಡವಾದೀತು ಎಂಬ ಅಂಜಿಕೆ ಅವರನ್ನು ಬೆನ್ನಟ್ಟಿತ್ತು. ಎಲ್ಲವನ್ನೂ ತಾವೇ ಮಾಡುತ್ತಿದ್ದರು, ಎಲ್ಲವೂ ಅವರ ತಲೆಯಲ್ಲೇ ಇರುತ್ತಿತ್ತು. ಅದು ದೊಡ್ಡ ಗುಣವೆಂದು ನಾವು ಹೊಗಳುತ್ತಿದ್ದೆವು. ಅದೇ ದೊಡ್ಡ ತಪ್ಪು ಎಂದು ಅವರಿಗೆ ತಿಳಿಸಿಕೊಟ್ಟವಳು ರಾಮಥಾಳದ ಬಾಳಮ್ಮ.

ಬಾಳಮ್ಮನಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಇಷ್ಟು ಓದಿಸಿದ್ದೇ ಹೆಚ್ಚು, ಈ ಸಲ ಪಾಸಾಗದಿದ್ದರೆ ಮುಂದೆ ಕಾಲೇಜಿನ ಮಾತು ಬೇಡ ಎಂದು ಮನೆಯಲ್ಲಿ ಗೆರೆ ಎಳೆದಿದ್ದರು. ಕೊರೊನಾದಿಂದ ಹಿಂದೆ ಬಿದ್ದ ಪರೀಕ್ಷೆಗಳು ಶ್ರಾವಣದವರೆಗೆ ಜಾರಿದ್ದವು. ಅವಳು ಹೇಳಿದ ಉತ್ತರವನ್ನು ಬರೆಯಲು ಅವಳಿಗಿಂತ ಕೆಳಗಿನ ತರಗತಿಯವರು ಬೇಕು. ಕಾಲೇಜಿನಲ್ಲಿ ಇವರಿಗೆ ಸ್ಕ್ರೈಬ್ ಎನ್ನುತ್ತಾರೆ. ಬಾವಿಕಟ್ಟಿಯವರು ಹುನಗುಂದದ ವಸತಿನಿಲಯದಲ್ಲಿದ್ದ ಪಿಯುಸಿ ಹುಡುಗಿ ಸಾವಿತ್ರಿಯನ್ನು ಗೊತ್ತು ಮಾಡಿ, ಶನಿವಾರ ಹತ್ತಕ್ಕೆ ಬರುತ್ತೀಯಲ್ಲ ಎಂದು ಕೇಳಿದರು. ಹೂಂ ಸರ್ ಎಂದಳು ಸಾವಿತ್ರಿ. ಗುರುಗಳು ಕೇಳಿದರೆ ನಮ್ಮ ಕಡೆಯ ಮಕ್ಕಳು ಹೂಂ ಎನ್ನುತ್ತಾರೆ. ಅದು ಒಪ್ಪಿಗೆಯಲ್ಲ, ಮರ್ಯಾದೆ. ಆ ಶನಿವಾರ ನಾಗರಪಂಚಮಿಯ ಮರುದಿನ. ಪಂಚಮಿಗೆ ಈ ನಾಡಿನ ಯಾವ ಹುಡುಗಿಯೂ ಹಾಸ್ಟೆಲ್ಲಿನಲ್ಲಿ ಉಳಿಯುವುದಿಲ್ಲ, ಜೋಕಾಲಿ ಕಟ್ಟಿದ ಊರಿಗೆ ಹೋಗುತ್ತಾಳೆ. ಅಕ್ಕ ತಂಗಿಯರಿಲ್ಲದ ಮನೆಯಲ್ಲಿ ಬೆಳೆದ ಬಾವಿಕಟ್ಟಿಯವರಿಗೆ ಅದು ಹೊಳೆಯಲೇ ಇಲ್ಲ. ಹಬ್ಬದ ಮರುದಿನ ಪರೀಕ್ಷೆಯೆಲ್ಲಿ ನಡೆದೀತು ಎಂದು ಸಾವಿತ್ರಿಯೂ ಊರಿಗೆ ನಡೆದಿದ್ದಳು.

ಶನಿವಾರ ಬೆಳಿಗ್ಗೆ ಎಂಟೂವರೆಗೆ ಅವರು ವಸತಿನಿಲಯಕ್ಕೆ ಹೋದರೆ ಬಾಗಿಲಿಗೆ ಬೀಗ. ಕಾವಲುಗಾರ, ಹುಡುಗಿ ಗುಡೂರಿನಲ್ಲಿ ಅಜ್ಜಿಯ ಮನೆಯಲ್ಲಿದ್ದಾಳೆ ಎಂದ. ಫೋನು ರಿಂಗಾಯಿತು, ಯಾರೂ ಎತ್ತಲಿಲ್ಲ. ಅವರು ಮೋಟರ್‌ಸೈಕಲ್ಲನ್ನು ಗುಡೂರಿನ ದಾರಿಗೆ ತಿರುಗಿಸಿದರು. ಮುಕ್ಕಾಲು ತಾಸಿನ ಆ ದಾರಿಯಲ್ಲಿ ಅವರು ಬಾಳಮ್ಮನ ಮುಖವನ್ನಲ್ಲ, ಮಹಡಿಯ ಕೆಳಗೆ ಕೂತ ಅಣ್ಣನ ಮುಖವನ್ನು ನೆನೆಯುತ್ತಿದ್ದರೆಂದು ಎಷ್ಟೋ ದಿನಗಳ ನಂತರ ಹೇಳಿದರು. ಅಜ್ಜಿಯ ಮನೆಯ ಮುಂದೆ ಬೇವಿನ ಮರದ ಜೋಕಾಲಿಯ ಮೇಲೆ ಸಾವಿತ್ರಿ ಮುಗಿಲಿಗೆ ಕಾಲು ಚಾಚಿದ್ದಳು. ಎರಡೂ ಕೈಗೆ ಮದರಂಗಿ.

“ಪರೀಕ್ಷಾ ಇವತ್ತ ಐತೇನ್ರಿ ಸರ್?” ಎನ್ನುತ್ತ ಅವಳು ಜೋಕಾಲಿಯಿಂದ ಜಿಗಿದಳು. ಕೇಳಿಕೊಂಡು ಹೊರಬಂದ ಅಜ್ಜಿ ಶಿವಲಿಂಗವ್ವ, “ಹಬ್ಬಕ್ಕ ಬಂದ ಹುಡುಗೀನ ಹಸದ ಹೊಟ್ಟೀಲೆ ಕಳಸಂಗಿಲ್ರಿ. ಕುಂಡ್ರಿ, ನೀರ ಕುಡೀರಿ,” ಎಂದರು.

“ಕುಂಡ್ರಾಕ ಹೊತ್ತಿಲ್ಲ ಆಯಿ. ಅಲ್ಲಿ ಒಬ್ಬಾಕಿ ಕಾಯಾಕತ್ತಾಳ.”

ಅಜ್ಜಿ ಮೊಮ್ಮಗಳ ಕೈಯನ್ನು ತಾವೇ ತಿಕ್ಕಿ ತೊಳೆದರು, ಬಾಯಿಗೆ ಒಂದು ಎಳ್ಳುಂಡಿ ತುರುಕಿದರು, ಮೂರು ಉಂಡಿಯನ್ನು ಬಟ್ಟೆಯಲ್ಲಿ ಕಟ್ಟಿ ಬೈಕ್ ಹತ್ತಿಸಿದರು. ಅವರು ಕಾಲೇಜು ಮುಟ್ಟಿದಾಗ ಹತ್ತು ಇಪ್ಪತ್ತೈದು. ಇನ್ನು ಐದು ನಿಮಿಷವಾಗಿದ್ದರೆ ಸಾವಿತ್ರಿಯನ್ನು ಒಳಗೆ ಬಿಡುತ್ತಿರಲಿಲ್ಲ. ಬಾಳಮ್ಮ ಖಾಲಿ ಉತ್ತರಪತ್ರಿಕೆಯ ಮೇಲೆ ಎರಡೂ ಅಂಗೈ ಊರಿ ಕೂತಿದ್ದಳು.

ಪರೀಕ್ಷೆ ಮುಗಿಯಿತು. ಹೊರಗೆ ಅಡ್ಡಾಡುತ್ತಿದ್ದ ಬಾವಿಕಟ್ಟಿಯವರು ಬಟ್ಟೆಯ ಗಂಟನ್ನು ಬಾಳಮ್ಮನ ಕೈಗಿತ್ತು, ಹೇಗೆ ಬರೆದೆ ಎಂದು ಕೇಳಿದರು.

“ಚೊಲೊ ಬರದೇನ್ರಿ,” ಎಂದಳು ಬಾಳಮ್ಮ. ಉಂಡಿಯ ಗಂಟು ಬಿಚ್ಚಲಿಲ್ಲ. “ಸರ್, ಒಂದ ಮಾತ ಅಂತೇನಿ, ಸಿಟ್ಟ ಮಾಡಬ್ಯಾಡ್ರಿ. ನಿಮ್ಮ ಗಾಡಿ ಪಂಚರ್ ಆಗಿದ್ರ ನಾ ಫೇಲ್ ಆಗ್ತಿದ್ನಿ. ಓದಿದಾಕಿ ನಾ. ನೀವು ಓಡಿದ್ದಕ್ಕ ಪಾಸ್ ಆಗೂದು ನನಗ ಬ್ಯಾಡ್ರಿ. ನೀವು ಓಡಲಿಲ್ಲಂದ್ರೂ ನಾ ಪಾಸ್ ಆಗಬೇಕ್ರಿ.”

ಉಪಕಾರ ಪಡೆದ ಬಾಯಿಂದ ಇಂಥ ಮಾತು ಬಂದರೆ ಬೇರೆ ಯಾರಾದರೂ ಮುನಿಯುತ್ತಿದ್ದರು. ನಮ್ಮಲ್ಲಿ ಕೆಲವರು ಅವರ ಪರವಾಗಿ ಮುನಿದೆವು ಕೂಡ. ಬಾವಿಕಟ್ಟಿಯವರು ಮಾತ್ರ ಮರುದಿನವೇ ಒಂದು ದಪ್ಪ ರಜಿಸ್ಟರು ತಂದು, ತಲೆಯಲ್ಲಿದ್ದುದನ್ನೆಲ್ಲ ಅದರಲ್ಲಿ ಇಳಿಸತೊಡಗಿದರು. ಪ್ರತಿ ವಿದ್ಯಾರ್ಥಿಗೆ ಒಬ್ಬರಲ್ಲ, ಇಬ್ಬರು ಸ್ಕ್ರೈಬು; ಎರಡನೆಯವರು ಕಾಲೇಜಿನ ಹತ್ತಿರದವರೇ ಆಗಿರಬೇಕು, ಇಬ್ಬರಿಗೂ ಮೊದಲೇ ಅನುಮತಿ ಪಡೆದಿರಬೇಕು. ಕೊನೆಯ ಕಾಲಮಿನ ತಲೆಬರಹ: ಆ ದಿನ ನಿಮ್ಮ ಮನೆಯಲ್ಲಿ ಏನಿದೆ? ಪಂಚಮಿ, ಸೀಗಿ ಹುಣ್ಣಿಮೆ, ಅಕ್ಕನ ಸೀಮಂತ ಎಲ್ಲ ಅಲ್ಲಿ ಬಂದವು. ಜವಾನ ಅಕ್ಬರಸಾಬರು, ಮೊಹರಮ್ ಬಿಟ್ಟೀರಿ ಸರ್ರ, ಆಗ ಊರಾಗ ಗಂಡಹುಡುಗರ ಯಾರೂ ಸಿಗಂಗಿಲ್ಲ ಎಂದು ನೆನಪಿಸಿದರು. ಬರಲು ಆಗುವುದಿಲ್ಲ ಎನ್ನುವುದೂ ಉತ್ತರವೇ, ಅದಕ್ಕೆ ಯಾರೂ ಬೈಯುವುದಿಲ್ಲ ಎಂದು ಮಕ್ಕಳಿಗೆ ಕಲಿಸುವುದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಬಾಳಮ್ಮ ಪಾಸಾದಳು, ಧಾರವಾಡದಲ್ಲಿ ಎಂ.ಎ. ಮುಗಿಸಿದಳು. ಎರಡು ವರ್ಷದ ಹಿಂದೆ ಆಡಳಿತ ಮಂಡಳಿ ಅವರನ್ನು ಘಟಕದ ಸಹಾಯಕಿಯಾಗಿ ನೇಮಿಸಿತು. ಇನ್ನು ಬಾಳಮ್ಮನವರೆಂದು ಬಹುವಚನದಲ್ಲೇ ಹೇಳಬೇಕು. ರಜಿಸ್ಟರನ್ನು ಅವರು ತಮ್ಮ ಮಾತನಾಡುವ ಕಂಪ್ಯೂಟರಿಗೆ ಏರಿಸಿಕೊಂಡರು. ನಿವೃತ್ತಿ ಹತ್ತಿರ ಬಂದಂತೆ ಬಾವಿಕಟ್ಟಿಯವರಿಗೆ ಊಟ ಸೇರದಾಯಿತು. ಅಧಿಕಾರವನ್ನು ಬಾಳಮ್ಮನವರಿಗೆ ಬಿಟ್ಟುಕೊಟ್ಟ ದಿನ ಒಂಬತ್ತು ಸಲ ಫೋನು ಮಾಡಿದರು. ಹತ್ತನೆಯದನ್ನು ಬಾಳಮ್ಮನವರು ಎತ್ತಲಿಲ್ಲ.

ಜೂನ್ ಒಂದರಂದು ಪರೀಕ್ಷೆಯಿತ್ತು. ನಿವೃತ್ತರಾದ ಮನುಷ್ಯ ಎಂದಿನಂತೆ ಬೆಳಿಗ್ಗೆ ದಾಡಿ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಇಳಕಲ್ಲಿನಿಂದ ಹುನಗುಂದಕ್ಕೆ ಬಂದು ಕಾಲೇಜಿನ ಗೇಟಿನಲ್ಲಿ ನಿಂತರು. ಒಬ್ಬ ಸ್ಕ್ರೈಬ್ ಬಂದಿಲ್ಲವೆಂದು ಅಕ್ಬರಸಾಬರು ಹೇಳಿದ್ದೇ ತಡ, ಅವರ ಕಾಲು ಕಿಕ್ಕರು ಒದ್ದು ಗಾಡಿ ಚಾಲೂ ಮಾಡಿತ್ತು. ಎಲ್ಲಿಗೆ ಹೋಗಬೇಕೆಂಬುದು ಮಾತ್ರ ಗೊತ್ತಿರಲಿಲ್ಲ. ಮೊದಲ ಸಲ ಹೆಸರುಗಳು ಅವರ ತಲೆಯಲ್ಲಿರಲಿಲ್ಲ.

“ಗಾಡಿ ಬಂದ್ ಮಾಡ್ರಿ ಸರ್,” ಎಂದರು ಇಳಿಜಾರಿನ ಮೇಲೆ ನಿಂತ ಬಾಳಮ್ಮನವರು. ಆ ಎಂಜಿನ್ನಿನ ಸದ್ದು ಅವರಿಗೆ ಚೆನ್ನಾಗಿ ಗೊತ್ತು. “ಮೊದಲನೇದವರ ಮನ್ಯಾಗ ನಿನ್ನೆ ಕೂಸು ಹುಟ್ಟೇತಿ. ಎರಡನೇದಾಕಿ ಬಂದು ಹತ್ತ ನಿಮಿಷ ಆತ್ರಿ. ಒಳಗ ಬರಿಯಾಕತ್ತಾಳ.”

ಬಾವಿಕಟ್ಟಿಯವರು ಬೈಕು ನಿಲ್ಲಿಸಿದರು. ಇಳಿಜಾರು ಹತ್ತಿ ಬಂದು, ಕೈ ಎಲ್ಲಿ ಇಡಬೇಕೆಂದು ತಿಳಿಯದೆ ನಿಂತರು.

“ಹಂಗಾದ್ರ ನಂದೇನ ಕೆಲಸ ಉಳೀಲಿಲ್ಲೇನವಾ?”

“ಇಲ್ರಿ,” ಎಂದರು ಬಾಳಮ್ಮನವರು. “ಇದನ್ನ ನಾ ಅವತ್ತ ಕೇಳಿದ್ದು. ಕುಂಡ್ರಿ.”

ಅಧ್ಯಾಪಕರ ಕೊಠಡಿಯಿಂದ ಆ ಹಳೆಯ ಕುರ್ಚಿಯನ್ನು ಅಕ್ಬರಸಾಬರು ಮೊದಲೇ ತಂದು ಇಳಿಜಾರಿನ ಮಗ್ಗುಲಲ್ಲಿ ಹಾಕಿದ್ದರು. ನಾವು ಕೆಲವರು ಕಿಟಕಿಯಿಂದ ನೋಡುತ್ತಿದ್ದೆವೆಂದು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ಪ್ರೊ. ವಿಜಯಮಹಾಂತೇಶ ಬಾವಿಕಟ್ಟಿಯವರಿಗೆ ಹಿಂದೆ ಓಡಿದಷ್ಟೇ ವರ್ಷಗಳು ಮುಂದೆಯೂ ದೊರೆಯಲಿ. ಹೊಸ ನಕಾಶೆಗಳಿಗೆ ಅವರ ಬೆರಳು ರೇಷ್ಮೆ ಅಂಟಿಸುತ್ತಿರಲಿ. ನಮ್ಮ ತಾಲೂಕಿನ ಇನ್ನುಳಿದ ಮಹಡಿಗಳೂ ಅವರ ಅರ್ಜಿಗಳಿಗೆ ಅಂಜುತ್ತಿರಲಿ ಎಂದು ಬಯಸುತ್ತೇವೆ. ಅಂದು ಅವರು ಕುರ್ಚಿಯನ್ನು ಒಮ್ಮೆ ಒರೆಸಿ, ಇಳಿಜಾರಿನ ಕಡೆ ಮುಖ ಮಾಡಿ, ಪರೀಕ್ಷೆ ಮುಗಿಯುವವರೆಗೂ ಕೂತಿದ್ದರು.