ರಾಣಿಯ ಸೆರಗು ಯಾವ ಕಡೆ

ಆಗ ನನಗೆ ಅರವತ್ತೊಂದು. ಇದಾಗಿ ಆರು ವರ್ಷವಾಯಿತು. ಕೊಗನೊಳ್ಳಿ ರಸ್ತೆಯಲ್ಲಿ ಮೇವಿನ ಹೊರೆ ಹೊತ್ತು ಬರುತ್ತಿದ್ದೆ. ಮೂರ್ತಿ ಮಾಡುವವನೊಬ್ಬ ಗಾಡಿ ನಿಲ್ಲಿಸಿ ನನ್ನನ್ನೇ ನೋಡಿದ. ಹೆದ್ದಾರಿ ಬದಿಗೆ ಅವನದೊಂದು ತಗಡಿನ ಶೆಡ್ಡು. ನಮ್ಮೂರ ಸರ್ಕಲ್ಲಿಗೆ ಹಿಂದಿನ ಕಾಲದ ರಾಣಿಯ ಪುತ್ಥಳಿ ಮಾಡುವ ಕೆಲಸ ಹಿಡಿದಿದ್ದ. ಆ ರಾಣಿ ಮುದುಕಿಯಾದ ಮೇಲೂ ಕೋಟೆ ಕಾದವಳಂತೆ.

"ಮಾವಶಿ, ನಿನ್ನಂಗ ನೆಟ್ಟಗ ನಿಲ್ಲಾಕಿ ಬೇಕಾಗ್ಯಾಳ ನನಗ," ಅಂದ.

"ನಿಲ್ಲತೀನಿ. ಆದ್ರ ನನ್ನ ಸೆರಗ ಹೆಂಗೈತಿ ಹಂಗ ಇರಬೇಕು ನೋಡ."

ನಮ್ಮ ಮಂದಿಯಲ್ಲಿ ಹೆಂಗಸರು ಸೆರಗನ್ನು ಬಲ ಹೆಗಲಿಗೆ ಹಾಕುತ್ತಾರೆ. ನನ್ನ ಅವ್ವ ಹಾಗೇ ಉಟ್ಟಳು, ಹಾಗೇ ಸತ್ತಳು. ದೊಡ್ಡ ಮನೆಯವರದು ಎಡ ಸೆರಗು. ನಮ್ಮನ್ನು ಒಳಗೆ ಕೂರಿಸಬೇಕೋ ಕಟ್ಟೆಯ ಮೇಲೋ ಎಂಬುದನ್ನು ಊರವರು ಹೆಗಲು ನೋಡಿಯೇ ತೀರ್ಮಾನಿಸುತ್ತಾರೆ. ರಾಣಿಯ ಮೈಮೇಲೆ ಒಮ್ಮೆ ನಮ್ಮ ಸೆರಗು ಕಾಣಲಿ ಎಂದೇ ನಾನು ಒಪ್ಪಿದ್ದು.

ಅವನ ಶೆಡ್ಡಿನಲ್ಲಿ ಕಟ್ಟಿಗೆಯ ಖಡ್ಗ ಹಿಡಿದು ನಿಂತೆ. ಮೂಗಿನ ಮೇಲೆ ನೊಣ ಕೂತರೂ ಅಲುಗಾಡಬಾರದು. ಮೊಣಕಾಲು ಸುಡುತ್ತಿತ್ತು. ಅವನು ಮೂರ್ತಿಗೆ ಬಳಸುವ ಜಿಗುಟು ಶಾಡು ಮಣ್ಣು ಮೆತ್ತುತ್ತ ಹೋದ. ಮೂರ್ತಿಯ ಬಲ ಹೆಗಲಿಗೆ ಸೆರಗು ಬಂದ ದಿನ ಹೋಗಿ ಮುಟ್ಟಿ ನೋಡಿದೆ. ಮಣ್ಣಿನ್ನೂ ಹಸಿ ಇತ್ತು.

ಮಣ್ಣಿನ ಮೂರ್ತಿ ನೋಡಲು ಊರಿನ ಪುತ್ಥಳಿ ಕಮಿಟಿಯವರು ಬಂದರು. ಅಧ್ಯಕ್ಷನ ಬಾಯಿ ತುಂಬ ಗುಟಕಾ.

"ಇದೇನಪಾ, ಬಲ ಸೆರಗ? ರಾಣೀನ ಮಾಡಂದ್ರ ಕುರಿ ಕಾಯಾಕೀನ ಮಾಡೀಯಲ್ಲ!"

ಎಲ್ಲರೂ ನಕ್ಕರು.

"ರಾಣಿ ಎಡಕ್ಕ ಹಾಕ್ತಿದ್ಲಂತ ನಿಮಗ್ಯಾರ ಹೇಳ್ಯಾರ್ರಿ? ನೀವು ಆಕಿ ಸೀರಿ ನಿರಿಗಿ ಹಿಡಿಯಾಕ ಹೋಗಿದ್ರ್ಯಾ?" ಅಂದೆ.

"ಏ ಮುದುಕಿ, ಖಡ್ಗ ಹಿಡದ ಕೂಡ್ಲೆ ರಾಣಿ ಆದಿಯೇನ್? ಬಾಯಿ ಮುಚ್ಚು."

ಹಾಗೆ ಹೇಳಿ ಮಣ್ಣಿನ ರಾಣಿಯ ಪಾದದ ಪಕ್ಕದಲ್ಲೇ ಪಿಚಕ್ಕನೆ ಉಗುಳಿದ. ನಾಳೆ ಅದೇ ಪಾದಕ್ಕೆ ಹಾರ ಹಾಕಿ ಕೈಮುಗಿಯುವವನು ಇವನೇ.

ಅವರು ಹೋದದ್ದೇ ತಡ, ಮೂರ್ತಿಯವನು ತಂತಿಯಿಂದ ಆ ಸೆರಗನ್ನು ಕೊಯ್ದು ಕೆಳಗೆ ಹಾಕಿದ.

"ಕಾಯ್ ಕರೂ ಮಾವಶಿ, ಏನ ಮಾಡ್ಲಿ, ಅವರ ಮಾತ ಕೇಳಬೇಕಾಗ್ತೈತಿ," ಅಂದ. ನನ್ನ ಮುಖ ನೋಡಲಿಲ್ಲ. ಅವತ್ತಿನಿಂದ ನಾನು ಶೆಡ್ಡಿನ ಕಡೆ ಹಾಯಲಿಲ್ಲ.

ಪುತ್ಥಳಿ ತೆರೆಯುವ ದಿನ ಕರೆ ಬಂತು. ಹೋದೆ, ಕಣ್ಣಾರೆ ನೋಡೋಣವೆಂದು. ಬಟ್ಟೆ ಸರಿಸಿದರು. ಎರಕ ಹೊಯ್ದ ಕಂಚಿನಲ್ಲಿ ನನ್ನ ಮೂಗು, ನನ್ನ ಗದ್ದ, ನನ್ನ ನಿಲುವು. ಸೆರಗು ಮಾತ್ರ ಎಡಕ್ಕೆ. ನನ್ನ ಮೈಗೆ ಯಾರದೋ ಸೀರೆ ಸುತ್ತಿ ಚೌಕದಲ್ಲಿ ನಿಲ್ಲಿಸಿದಂತಿತ್ತು. ಮಂದಿ ಚಪ್ಪಾಳೆ ತಟ್ಟಿದರು.

ವೇದಿಕೆಯ ಮೆಟ್ಟಿಲ ಹತ್ತಿರ ಅಧ್ಯಕ್ಷ ಸನ್ಮಾನದ ಸೀರೆಯೊಂದನ್ನು ನನ್ನ ಕೈಗೆ ತುರುಕಿ ಕಿವಿಯಲ್ಲಿ ಅಂದ: "ಒಂದ ಚಣ ಸೆರಗ ಎಡಕ್ಕ ಹಾಕ್ಕೊ ಬೇ. ಫೋಟೋದಾಗ ಪುತ್ಥಳಿಗೆ ಮ್ಯಾಚ್ ಆಗ್ಬೇಕು."

"ನೀ ನಿನ್ನ ಧೋತ್ರ ಕಳದು ತಲಿಗಿ ಸುತ್ತಕೊ, ನಾನೂ ಹಾಕ್ಕೋತೀನಿ," ಅಂದೆ. ಮೈಕು ಹತ್ತಿರವೇ ಇತ್ತು. ಮುಂದೆ ಕೂತ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನಕ್ಕರು. ನಾನು ಮೆಟ್ಟಿಲು ಹತ್ತದೆ, ಆ ಸೀರೆ ಹಿಡಿದುಕೊಂಡೇ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಸಗಣಿ ಬಳಿದು, ಎಮ್ಮೆಯ ಮೈ ತೊಳೆದು, ಆ ಸನ್ಮಾನದ ಸೀರೆ ಹರಿದು ಎಮ್ಮೆಯ ಮೈ ಒರೆಸಿದೆ. ದರಿದ್ರ ಪಾಲಿಸ್ಟರು, ಒಂದು ಹನಿ ನೀರೂ ಹೀರಲಿಲ್ಲ.